ತೂಕ ಇಳಿಸಲು ಸ್ಲೋ ಗಾಡಿಯೇ ಸರಿ: ವಾರಕ್ಕೆ ಅರ್ಧ ಕಿಲೋದ ಲೆಕ್ಕ

🌿 *ಆರೋಗ್ಯ ಮಾಹಿತಿ ಮಾಲಿಕೆ* 🌿



ಟಿಟ್ವಾಳಾ, ಕಲ್ಯಾಣ, ಡೊಂಬಿವಲಿ ಕಡೆಯ ನಮ್ಮವರ ಮನೆಗಳಲ್ಲಿ ಈಗ ಆಗಾಗ ಕೇಳುವ ಮಾತು, "ಸ್ವಲ್ಪ ತೂಕ ಇಳಿಸಬೇಕು." ಕೆಲವರಿಗೆ ಅದನ್ನು ಡಾಕ್ಟರು ಹೇಳಿದ್ದಾರೆ. ಕೆಲವರಿಗೆ ಸ್ಟೇಷನ್ನಿನ ಬ್ರಿಡ್ಜ್ ಹತ್ತುವಾಗ ಮೊಣಕಾಲೇ ಹೇಳಿದೆ. ಇನ್ನು ಕೆಲವರಿಗೆ ಮನೆಯಲ್ಲಿ ಮದುವೆ ಗೊತ್ತಾಗಿದೆ, ಎರಡು ತಿಂಗಳಲ್ಲಿ ಹಳೆಯ ಅಳತೆಯ ರವಿಕೆಯೋ ಸೂಟೋ ಹಿಡಿಸಬೇಕಾಗಿದೆ. ಟಿಟ್ವಾಳಾದ ಮಹಾಗಣಪತಿಯನ್ನು ಮದುವೆ ಕೂಡಿಸುವ ದೇವರೆಂದು ದೂರದೂರದಿಂದ ಜನ ಬಂದು ಬೇಡಿಕೊಳ್ಳುತ್ತಾರೆ. ಮದುವೆ ಕೂಡಿಬಂದ ಮೇಲೆ ಶುರುವಾಗುವುದು ಈ ತೂಕದ ಚಿಂತೆ!

ಆಗ ಕಣ್ಣಿಗೆ ಬೀಳುವುದು ಜಾಹೀರಾತುಗಳು. "ಒಂದೇ ತಿಂಗಳಲ್ಲಿ 10 ಕಿಲೋ ಇಳಿಸಿ", "ವ್ಯಾಯಾಮ ಬೇಡ, ಪಥ್ಯ ಬೇಡ." ಇವನ್ನು ನಂಬಿ ಹಣ ಕಳೆದುಕೊಂಡರೆ ಹೋಗಲಿ ಎನ್ನಬಹುದು. ಆದರೆ ಆರೋಗ್ಯವನ್ನೇ ಕೆಡಿಸಿಕೊಂಡವರೂ ಇದ್ದಾರೆ. ಅದಕ್ಕೇ ಇವತ್ತಿನ ವಿಷಯ: *ತೂಕ ಎಷ್ಟು ವೇಗದಲ್ಲಿ ಇಳಿಯಬೇಕು? ಹೇಗೆ ಇಳಿಸಬೇಕು?* ಸ್ವಲ್ಪ ಉದ್ದವಿದೆ. ಗಾಡಿಯಲ್ಲಿ ಸೀಟು ಸಿಕ್ಕಾಗ ನಿಧಾನವಾಗಿ ಓದಿ.

*1. ಮೊದಲು ನೋಡಿಕೊಳ್ಳಿ: ನಿಮಗೆ ನಿಜವಾಗಿ ತೂಕ ಇಳಿಸಬೇಕೇ?*

ಕನ್ನಡಿ ನೋಡಿ ತೀರ್ಮಾನಿಸಬೇಡಿ. ಎರಡು ಅಳತೆ ಸಾಕು.

✅ *ಬಿಎಂಐ:* ನಿಮ್ಮ ತೂಕವನ್ನು (ಕಿಲೋ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿ. ಉದಾಹರಣೆಗೆ ಎತ್ತರ 160 ಸೆಂ.ಮೀ., ತೂಕ 72 ಕಿಲೋ ಇದ್ದರೆ 72 ÷ (1.6 × 1.6) = ಸುಮಾರು 28. ಭಾರತೀಯರಿಗೆ 18.5ರಿಂದ 22.9ರವರೆಗೆ ಸರಿಯಾದ ತೂಕ. 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು.

✅ *ಸೊಂಟದ ಸುತ್ತಳತೆ:* ಹೊಕ್ಕುಳ ಮಟ್ಟದಲ್ಲಿ ಟೇಪ್ ಹಿಡಿದು, ಹೊಟ್ಟೆ ಒಳಗೆಳೆದುಕೊಳ್ಳದೆ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಇನ್ನೂ ಸುಲಭದ ಲೆಕ್ಕವೆಂದರೆ, ಸೊಂಟ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ.

ನಮಗೆ ಬೇರೆ ದೇಶದವರಿಗಿಂತ ಕಡಿಮೆ ಮಿತಿ ಯಾಕೆ? ಇದನ್ನು ತೋರಿಸಿಕೊಟ್ಟವರಲ್ಲಿ ನಮ್ಮ ಪಕ್ಕದ ಪುಣೆಯ ವೈದ್ಯರೊಬ್ಬರಿದ್ದಾರೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಮಧುಮೇಹ ತಜ್ಞ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಇಬ್ಬರೂ 2004ರಲ್ಲಿ ತಮ್ಮನ್ನೇ ಅಳೆದುಕೊಂಡು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಇಬ್ಬರ ಬಿಎಂಐಯೂ ಒಂದೇ, 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರ ದೇಹದಲ್ಲಿ ಶೇ. 21.2! ನೋಡಲು ತೆಳ್ಳಗಿದ್ದರೂ ನಮ್ಮವರ ಹೊಟ್ಟೆಯೊಳಗೆ ಕೊಬ್ಬು ಕೂತಿರುತ್ತದೆ ಎಂಬುದು ಇದರ ಅರ್ಥ. ಆದ್ದರಿಂದ "ನಾನೇನೂ ದಪ್ಪ ಇಲ್ಲ, ಹೊಟ್ಟೆ ಮಾತ್ರ ಸ್ವಲ್ಪ" ಎನ್ನುವವರೇ ಹೆಚ್ಚು ಎಚ್ಚರವಾಗಿರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಿಎಂಐ ಪ್ರಕಾರ ತೂಕ ಹೆಚ್ಚಿದ್ದ ಹೆಂಗಸರು ಶೇ. 24, ಸೊಂಟದ ಅಳತೆ ಹಿಡಿದಾಗ ಹೊಟ್ಟೆಯ ಬೊಜ್ಜು ಇದ್ದವರು ಶೇ. 40!

❌ *ಇವರು ತಾವಾಗಿ ತೂಕ ಇಳಿಸಲು ಹೊರಡಬಾರದು:* ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ಕ್ಷಯದಂಥ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು. ಏನೂ ಪ್ರಯತ್ನ ಮಾಡದೆ 6ರಿಂದ 12 ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ತೂಕ ತಾನಾಗಿ ಇಳಿದಿದ್ದರೆ ಖುಷಿ ಪಡಬೇಡಿ, ಡಾಕ್ಟರಿಗೆ ತೋರಿಸಿ.

*2. ಸರಿಯಾದ ವೇಗ ಯಾವುದು?*

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ (ಐಸಿಎಂಆರ್-ಎನ್‌ಐಎನ್) ಹೇಳುವುದು ಸರಳವಾಗಿದೆ: *ವಾರಕ್ಕೆ ಅರ್ಧ ಕಿಲೋ ಇಳಿಕೆ ಸುರಕ್ಷಿತ.* ತೂಕ ಬಹಳ ಹೆಚ್ಚಿದ್ದವರಿಗೆ ವಾರಕ್ಕೆ 1 ಕಿಲೋವರೆಗೆ ನಡೆದೀತು. ಅದಕ್ಕಿಂತ ಮೇಲೆ ವೈದ್ಯರ ನಿಗಾ ಬೇಕೇ ಬೇಕು.

ಲೆಕ್ಕ ಹೀಗಿದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲರಿ ಶಕ್ತಿ ಕೂಡಿಟ್ಟಿರುತ್ತದೆ. ಅರ್ಧ ಕಿಲೋ ಎಂದರೆ 3850. ಅದನ್ನು 7 ದಿನಕ್ಕೆ ಹಂಚಿದರೆ ದಿನಕ್ಕೆ 550. ಅಂದರೆ ಊಟದಲ್ಲಿ 350-400 ಕ್ಯಾಲರಿ ಕಡಿಮೆ ಮಾಡಿ, ನಡಿಗೆಯಲ್ಲಿ 150 ಖರ್ಚು ಮಾಡಿದರೆ ಲೆಕ್ಕ ಸರಿಹೋಯಿತು. ಉಪವಾಸ ಬೀಳಬೇಕಾಗಿಲ್ಲ.

"ಅರ್ಧ ಕಿಲೋ ಅಷ್ಟೇನಾ?" ಎನ್ನಬೇಡಿ. ಮೇಲೆ ಹೇಳಿದ 72 ಕಿಲೋದವರು ತೂಕದ ಶೇ. 5, ಅಂದರೆ 3.6 ಕಿಲೋ ಇಳಿಸಲು 7-8 ವಾರ ಸಾಕು. ಶೇ. 10 ಇಳಿಸಲು ಸುಮಾರು ಮೂರೂವರೆ ತಿಂಗಳು. ನಡುವೆ ಹಬ್ಬ, ಮದುವೆ, ಊರಿಗೆ ಹೋಗಿಬರುವುದು ಎಲ್ಲ ಸೇರಿ ಆರು ತಿಂಗಳು ಎಂದಿಟ್ಟುಕೊಳ್ಳಿ.

ಇಷ್ಟು ಸ್ವಲ್ಪದಿಂದ ಲಾಭ ಇದೆಯೇ? ಇದೆ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3234 ಜನರ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 7ರಷ್ಟು ತೂಕ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟ ಗುಂಪಿನಲ್ಲಿ ಮಧುಮೇಹ ಬರುವುದು ಶೇ. 58ರಷ್ಟು ಕಡಿಮೆಯಾಯಿತು. ನಮ್ಮ ಚೆನ್ನೈಯಲ್ಲಿ ಅದೇ ರೀತಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಊಟ ಮತ್ತು ನಡಿಗೆಯ ಬದಲಾವಣೆಯಿಂದ ಶೇ. 28.5 ಕಡಿಮೆಯಾಯಿತು. ವಿಶೇಷವೇನೆಂದರೆ, ಅಲ್ಲಿ ತೂಕ ಹೆಚ್ಚೇನೂ ಇಳಿದಿರಲಿಲ್ಲ. ಕಾಟಾ ತೋರಿಸುವುದಕ್ಕಿಂತ ಮೊದಲೇ ದೇಹಕ್ಕೆ ಲಾಭ ಸಿಗತೊಡಗಿರುತ್ತದೆ.

*3. ಬೇಗ ಇಳಿಸಿದರೆ ಏನಾಗುತ್ತದೆ?*

ಕ್ರ್ಯಾಶ್ ಡಯಟ್ ಮಾಡಿದವರು "ಮೊದಲ ವಾರವೇ 3 ಕಿಲೋ ಹೋಯ್ತು" ಎನ್ನುವುದು ಸುಳ್ಳಲ್ಲ. ಆದರೆ ಹೋದದ್ದು ಹೆಚ್ಚಿನಂಶ ನೀರು. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೊಜನ್ ಎಂಬ ಪಿಷ್ಟ ಕೂಡಿಟ್ಟಿರುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಊಟ ಬಿಟ್ಟಾಗ ಆ ಪಿಷ್ಟ ಕರಗುತ್ತದೆ, ನೀರು ಹೊರಗೆ ಹೋಗುತ್ತದೆ. ಎರಡು ದಿನ ಸರಿಯಾಗಿ ಊಟ ಮಾಡಿದ ಕೂಡಲೇ ವಾಪಸ್ಸು ಬರುತ್ತದೆ.

ಆಮೇಲೆ ಬರುವ ತೊಂದರೆಗಳು ಇವು:

🔸 *ಸ್ನಾಯು ಕರಗುತ್ತದೆ.* ಊಟ ತೀರಾ ಕಡಿಮೆಯಾದಾಗ ದೇಹ ಕೊಬ್ಬಿನ ಜೊತೆ ಮಾಂಸಖಂಡವನ್ನೂ ಸುಡುತ್ತದೆ. ಕೈಕಾಲು ಸೋಲುತ್ತದೆ. ದೇಹ ಸುಮ್ಮನೆ ಕೂತಾಗ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುತ್ತದೆ. ಮತ್ತೆ ಮೊದಲಿನಂತೆ ತಿನ್ನತೊಡಗಿದಾಗ ತೂಕ ವೇಗವಾಗಿ ಏರುತ್ತದೆ. ಏರುವಾಗ ಬರುವುದು ಹೆಚ್ಚಾಗಿ ಕೊಬ್ಬು.

🔸 *ಪಿತ್ತಕೋಶದ ಕಲ್ಲು.* ವಾರಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು ಇಳಿಸುವವರಲ್ಲಿ ಇದರ ಅಪಾಯ ಹೆಚ್ಚುತ್ತದೆ. ಹೊಟ್ಟೆಯ ಬಲಭಾಗದ ಮೇಲ್ಗಡೆ ವಿಪರೀತ ನೋವು ಬಂದರೆ ಗ್ಯಾಸ್ ಎಂದು ಸುಮ್ಮನಿರಬೇಡಿ.

🔸 *ಕೂದಲು ಉದುರುವುದು.* ಪಥ್ಯ ಮಾಡಿದಾಗಲೇ ಅಲ್ಲ, ಎರಡು-ಮೂರು ತಿಂಗಳಾದ ಮೇಲೆ. ಮದುವೆಗೆಂದು ಊಟ ಬಿಟ್ಟ ಹುಡುಗಿಗೆ ಮದುವೆಯ ಹೊತ್ತಿಗೇ ಬಾಚಣಿಗೆ ತುಂಬ ಕೂದಲು!

🔸 *ರಕ್ತಹೀನತೆ, ತಲೆಸುತ್ತು, ಮುಟ್ಟಿನ ಏರುಪೇರು.*

🔸 *ಸಕ್ಕರೆ ಕಾಯಿಲೆಯವರಿಗೆ ಪ್ರಾಣಾಪಾಯ.* ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ತಿಂಡಿ ಬಿಟ್ಟರೆ ರಕ್ತದ ಸಕ್ಕರೆ ತೀರಾ ಇಳಿದುಬಿಡುತ್ತದೆ. ಬೆವರು, ನಡುಕ, ಕಣ್ಣು ಮಂಜು, ಗೊಂದಲ. ಇದು ಮನೆಯಲ್ಲಿ ಆದರೆ ಹೇಗೋ ಸುಧಾರಿಸಬಹುದು. ಬೆಳಗಿನ ರಶ್ಶಿನಲ್ಲಿ, ಗಾಡಿಯ ಬಾಗಿಲಲ್ಲಿ ನಿಂತಿದ್ದಾಗ ಆದರೆ? ಆದ್ದರಿಂದ ಇಂಥ ಔಷಧಿ ತೆಗೆದುಕೊಳ್ಳುವವರು *ಊಟ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಿ ಡೋಸ್ ಸರಿಪಡಿಸಿಕೊಳ್ಳಿ.* ಜೇಬಿನಲ್ಲಿ ಯಾವಾಗಲೂ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಇರಲಿ. ಲಕ್ಷಣ ಕಂಡರೆ 3 ಚಮಚ ಸಕ್ಕರೆ ತಿನ್ನಿ, 15 ನಿಮಿಷ ಕಾದು ನೋಡಿ, ಕಡಿಮೆಯಾಗದಿದ್ದರೆ ಮತ್ತೆ ತಿನ್ನಿ. ಬಿಪಿ ಮಾತ್ರೆಯವರಿಗೂ ತೂಕ ಇಳಿದಂತೆ ಡೋಸ್ ಬದಲಾಗಬೇಕಾಗಬಹುದು.

*4. ನಮ್ಮ ಟಿಟ್ವಾಳಾ ಬದುಕಿನಲ್ಲಿ ತೂಕ ಏರುವುದು ಎಲ್ಲಿ?*

ಟಿಟ್ವಾಳಾದಿಂದ ಸಿಎಸ್‌ಎಂಟಿಗೆ ಸುಮಾರು 64 ಕಿ.ಮೀ. ಹೋಗಿಬರುವುದರಲ್ಲೇ ಮೂರು-ಮೂರೂವರೆ ಗಂಟೆ. ಬೆಳಗ್ಗೆ ತಿಂಡಿ ಇಲ್ಲ, ಹತ್ತು ಗಂಟೆಗೆ ಆಫೀಸಿನಲ್ಲಿ ಚಹಾ-ಬಿಸ್ಕತ್ತು, ಸಂಜೆ ಪ್ಲಾಟ್‌ಫಾರಂನಲ್ಲಿ ಹಸಿವು ತಡೆಯದೆ ವಡಾಪಾವ್, ಮನೆಗೆ ಬಂದು ಹತ್ತು ಗಂಟೆಗೆ ಹೊಟ್ಟೆ ತುಂಬ ಅನ್ನ, ಹನ್ನೊಂದಕ್ಕೆ ನಿದ್ದೆ, ಮತ್ತೆ ನಾಲ್ಕೂವರೆಗೆ ಅಲಾರಂ. ಹೋಟೆಲಿನಲ್ಲಿ ದುಡಿಯುವ ನಮ್ಮವರದ್ದು ಇನ್ನೊಂದು ಕಥೆ: ದಿನವಿಡೀ ನಿಂತ ಕೆಲಸ, ಲೆಕ್ಕವಿಲ್ಲದ ಚಹಾ, ಮಧ್ಯಾಹ್ನದ ಊಟ ನಾಲ್ಕಕ್ಕೆ, ರಾತ್ರಿಯದ್ದು ಹನ್ನೆರಡಕ್ಕೆ. ತಪ್ಪು ಯಾರದ್ದೂ ಅಲ್ಲ, ಗಡಿಯಾರದ್ದು. ಆದರೆ ಕೆಲವನ್ನು ಸರಿಪಡಿಸಬಹುದು.

☕ *ಚಹಾ:* ದಿನಕ್ಕೆ 4 ಚಹಾ, ಒಂದೊಂದಕ್ಕೆ 2 ಚಮಚ ಸಕ್ಕರೆ. ಒಟ್ಟು 8 ಚಮಚ, ಅಂದರೆ 40 ಗ್ರಾಂ. ದಿನಕ್ಕೆ 25 ಗ್ರಾಂ ದಾಟಬಾರದು ಎಂಬ ಸಲಹೆಯನ್ನು ಚಹಾ ಒಂದೇ ಮುರಿದುಹಾಕಿತು! ಈ ಸಕ್ಕರೆಯೇ 160 ಕ್ಯಾಲರಿ. ಎರಡೇ ಚಹಾ, ಒಂದೊಂದೇ ಚಮಚ ಮಾಡಿದರೆ ದಿನಕ್ಕೆ 120 ಕ್ಯಾಲರಿ ಉಳಿತಾಯ. ಒಮ್ಮೆಲೇ ಬಿಡಲಾಗದಿದ್ದರೆ ವಾರಕ್ಕೆ ಕಾಲು ಚಮಚ ಇಳಿಸುತ್ತ ಬನ್ನಿ.

🛢️ *ಎಣ್ಣೆ:* ಒಬ್ಬರಿಗೆ ದಿನಕ್ಕೆ 25 ಗ್ರಾಂ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ ತಿಂಗಳಿಗೆ 3 ಕಿಲೋ, ಹತ್ತಿರಹತ್ತಿರ ಮೂರೂಕಾಲು ಲೀಟರ್. ನಿಮ್ಮ ಮನೆಗೆ ಎಷ್ಟು ಬರುತ್ತದೆ ಎಂದು ಕಿರಾಣಿ ಚೀಟಿ ನೋಡಿ. 5 ಲೀಟರ್ ಕ್ಯಾನ್ ತಿಂಗಳಿಗೇ ಮುಗಿಯುತ್ತಿದ್ದರೆ ಉತ್ತರ ಸಿಕ್ಕಿತು. ಒಂದು ಚಿಕ್ಕ ಚಮಚ ಎಣ್ಣೆಯಲ್ಲಿ ಸುಮಾರು 40 ಕ್ಯಾಲರಿ. ಬಾಟಲಿಯಿಂದ ನೇರ ಸುರಿಯಬೇಡಿ, ಚಮಚದಿಂದ ಅಳೆದು ಹಾಕಿ.

🙏 *ಸಂಕಷ್ಟಿ ಉಪವಾಸ:* ಟಿಟ್ವಾಳಾದಲ್ಲಿದ್ದು ಸಂಕಷ್ಟಿ ಮಾಡದವರು ಕಡಿಮೆ. ಅಂಗಾರಕಿಯ ದಿನವಂತೂ ದೇವಸ್ಥಾನದ ಸಾಲು ರಸ್ತೆಗೆ ಬರುತ್ತದೆ. ಉಪವಾಸ ಒಳ್ಳೆಯದೇ. ಆದರೆ ಸಾಬುದಾಣಾ ಖಿಚಡಿ, ಸಾಬುದಾಣಾ ವಡಾ, ಬಟಾಟೆ ಚಿಪ್ಸ್ ತಿಂದರೆ ಅದು ಉಪವಾಸವಾಗದು. ಸಾಬುದಾಣಾ ಎಂದರೆ ಬರೀ ಪಿಷ್ಟ. 100 ಗ್ರಾಮಿನಲ್ಲಿ ಸುಮಾರು 350 ಕ್ಯಾಲರಿ, ಪ್ರೋಟೀನು ಒಂದು ಗ್ರಾಮೂ ಇಲ್ಲ. ಅದರ ಮೇಲೆ ತುಪ್ಪ, ಶೇಂಗಾ ಪುಡಿ. ಬದಲಿಗೆ ಹಣ್ಣು, ಮೊಸರು, ಹಾಲು, ಒಂದು ಹಿಡಿ ಶೇಂಗಾ, ಬೇಯಿಸಿದ ಗೆಣಸು ತೆಗೆದುಕೊಳ್ಳಿ. ಚಂದ್ರೋದಯದ ಮೇಲಿನ ಊಟಕ್ಕೆ ಪ್ರಸಾದದ ಮೋದಕ ಒಂದು ಸಾಕು. ಗಣಪತಿ ಲೆಕ್ಕ ಕೇಳುವುದಿಲ್ಲ. ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವವರು ಉಪವಾಸಕ್ಕೂ ಡಾಕ್ಟರ ಸಲಹೆ ಪಡೆಯಿರಿ.

😴 *ನಿದ್ದೆ:* ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಷಿಕಾಗೋದಲ್ಲಿ 2010ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನ: ಹತ್ತು ಜನ, ಅದೇ ಕಡಿಮೆ ಊಟ. ಎರಡು ವಾರ ರಾತ್ರಿ 8.5 ಗಂಟೆ ಮಲಗಲು ಬಿಟ್ಟರು, ಇನ್ನೆರಡು ವಾರ 5.5 ಗಂಟೆ ಮಾತ್ರ. ತೂಕ ಎರಡು ಸಲವೂ ಹೆಚ್ಚುಕಡಿಮೆ 3 ಕಿಲೋ ಇಳಿಯಿತು. ಆದರೆ ಚೆನ್ನಾಗಿ ಮಲಗಿದಾಗ ಅದರಲ್ಲಿ ಕೊಬ್ಬು 1.4 ಕಿಲೋ, ನಿದ್ದೆಗೆಟ್ಟಾಗ 0.6 ಕಿಲೋ ಮಾತ್ರ. ಉಳಿದದ್ದು ಬಹುಪಾಲು ಕೊಬ್ಬಲ್ಲದ ದೇಹಭಾಗ! ರಾತ್ರಿ ಊಟವಾದ ಮೇಲೆ ಮೊಬೈಲು ನೋಡುವ ಒಂದು ಗಂಟೆಯನ್ನು ನಿದ್ದೆಗೆ ಕೊಡಿ. ಗಾಡಿಯಲ್ಲಿ ಸೀಟು ಸಿಕ್ಕಾಗ ಕಣ್ಣು ಮುಚ್ಚಿಕೊಂಡರೂ ಲಾಭವೇ.

*5. ತಟ್ಟೆ ಹೇಗಿರಬೇಕು?*

ಅನ್ನ ಬಿಡಬೇಕಾಗಿಲ್ಲ, ಅನ್ನದ ಜಾಗ ಕಡಿಮೆ ಮಾಡಬೇಕು. ತಟ್ಟೆಯ *ಅರ್ಧ* ಪಲ್ಯ, ಸೊಪ್ಪು, ಕೋಸಂಬರಿ. *ಕಾಲು ಭಾಗ* ಅನ್ನ ಅಥವಾ ಚಪಾತಿ, ಜೋಳದ ರೊಟ್ಟಿ, ರಾಗಿ. ಇನ್ನು *ಕಾಲು ಭಾಗ* ಬೇಳೆ, ಕಾಳು, ಮೊಟ್ಟೆ, ಮೀನು, ಕೋಳಿ. ಕುಚ್ಚಲಕ್ಕಿಯ ಗಂಜಿಯಾದರೂ ಬಟ್ಟಲು ಚಿಕ್ಕದಿರಲಿ, ಜೊತೆಗೆ ಉಪ್ಪಿನಕಾಯಿ ಮಾತ್ರ ಅಲ್ಲ, ಹುರುಳಿ ಅಥವಾ ಹೆಸರುಕಾಳಿನ ಪಲ್ಯ ಇರಲಿ.

ತೂಕ ಇಳಿಸುವಾಗ ಸ್ನಾಯು ಉಳಿಯಲು ಪ್ರೋಟೀನು ಮುಖ್ಯ. ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1 ಗ್ರಾಂ ಗುರಿ ಇಟ್ಟುಕೊಳ್ಳಿ (ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ). ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಬಟ್ಟಲು ದಪ್ಪ ಬೇಳೆಯಲ್ಲಿ 7-8, 30 ಗ್ರಾಂ ಶೇಂಗಾದಲ್ಲಿ 7, 30 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 15, 100 ಗ್ರಾಂ ಬಂಗುಡೆಯಲ್ಲಿ ಸುಮಾರು 19. ಬಂಗುಡೆಯನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ಬದಲು ಪುಳಿಮುಂಚಿ ಮಾಡಿ ಅಥವಾ ಕಾವಲಿಯ ಮೇಲೆ ಸುಡಿ.

ಗಾಡಿ ಹಿಡಿಯುವವರಿಗೆ ಒಂದು ಮಾದರಿ ದಿನ:

🕔 ಬೆಳಗ್ಗೆ: ಒಂದು ಲೋಟ ನೀರು, ಒಂದು ಚಮಚ ಸಕ್ಕರೆಯ ಚಹಾ, ಒಂದು ಬಾಳೆಹಣ್ಣು.
🕘 ಆಫೀಸು ತಲುಪಿದ ಮೇಲೆ: ಡಬ್ಬಿಯಲ್ಲಿ ತಂದ 2 ಹೆಸರುಬೇಳೆ ದೋಸೆ, ಅಥವಾ 2 ಚಪಾತಿ-ಮೊಟ್ಟೆ, ಅಥವಾ ತರಕಾರಿ ಹೆಚ್ಚು ಹಾಕಿದ ಉಪ್ಪಿಟ್ಟು-ಮೊಸರು.
🕐 ಮಧ್ಯಾಹ್ನ: 2 ಚಪಾತಿ, ಮೊಳಕೆ ಕಾಳಿನ ಉಸಳ್, ಪಲ್ಯ, ಸೌತೆಕಾಯಿ, ಮಜ್ಜಿಗೆ.
🕠 *ಗಾಡಿ ಹತ್ತುವ ಮೊದಲು:* ಒಂದು ಹಿಡಿ ಹುರಿದ ಕಡಲೆ-ಶೇಂಗಾ, ಅಥವಾ ಒಂದು ಪೇರಲೆ. ಇದು ತುಂಬ ಮುಖ್ಯ. ವಡಾಪಾವನ್ನು ತಡೆಯುವುದೂ ಇದೇ, ರಾತ್ರಿಯ ಊಟಕ್ಕೆ ಕಡಿವಾಣ ಹಾಕುವುದೂ ಇದೇ.
🕘 ರಾತ್ರಿ: ಒಂದು ಚಿಕ್ಕ ಬಟ್ಟಲು ಅನ್ನ, ಹುರುಳಿ ಸಾರು ಅಥವಾ ಮೀನು, ತಟ್ಟೆಯ ಅರ್ಧ ಪಲ್ಯ.

ಒಂದು ಎಚ್ಚರ: ಯಾರೇ ಹೇಳಿದರೂ *ದಿನಕ್ಕೆ 1000 ಕ್ಯಾಲರಿಗಿಂತ ಕಡಿಮೆ ಊಟಕ್ಕೆ ಇಳಿಯಬೇಡಿ.* ಸಾಮಾನ್ಯವಾಗಿ ಹೆಂಗಸರಿಗೆ 1200, ಗಂಡಸರಿಗೆ 1500 ಆದರೂ ಬೇಕು.

*6. ನಡಿಗೆಗೆ ಟೈಮ್ ಎಲ್ಲಿದೆ?*

ವಾರಕ್ಕೆ 150 ನಿಮಿಷ ಬೇಕು. ಜಿಮ್ಮೇ ಆಗಬೇಕೆಂದಿಲ್ಲ.

🚶 ಸ್ಟೇಷನ್ನಿನಿಂದ ಮನೆಗೆ ಶೇರ್ ರಿಕ್ಷಾದ ಸಾಲಿನಲ್ಲಿ ನಿಲ್ಲುವ ಹತ್ತು ನಿಮಿಷದಲ್ಲಿ ಅರ್ಧ ದಾರಿ ನಡೆದಿರುತ್ತೀರಿ. ಹೋಗುವಾಗ 15, ಬರುವಾಗ 15 ನಿಮಿಷ ನಡೆದರೆ ವಾರದ ಐದು ದಿನದಲ್ಲಿ 150 ಮುಗಿಯಿತು. ಮಾತಾಡಲು ಆಗಬೇಕು, ಹಾಡಲು ಆಗಬಾರದು; ಅಷ್ಟು ವೇಗ ಇರಲಿ.
💪 ವಾರಕ್ಕೆ ಎರಡು ದಿನ 15 ನಿಮಿಷ ಸ್ನಾಯುವಿನ ವ್ಯಾಯಾಮ: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ, ಎರಡು ಲೀಟರ್ ನೀರಿನ ಬಾಟಲಿ ಎತ್ತುವುದು.
👵 ಮೊಣಕಾಲು ನೋವಿನವರು ಮೆಟ್ಟಿಲಿನ ಬದಲು ಸಮ ನೆಲದಲ್ಲಿ ನಡೆಯಿರಿ. ಹಿರಿಯರು ಒಬ್ಬರೇ ಹೋಗುವುದಕ್ಕಿಂತ ಜೊತೆಗೂಡಿ ಹೋಗಿ. ನಡೆಯುವಾಗ ಎದೆ ಬಿಗಿದರೆ ಅಥವಾ ವಿಪರೀತ ಉಸಿರು ಕಟ್ಟಿದರೆ ನಿಲ್ಲಿಸಿ, ತಡಮಾಡದೆ ವೈದ್ಯರನ್ನು ಕಾಣಿ.

*7. ಕಾಟಾ ನಿಂತುಬಿಟ್ಟರೆ?*

ತೂಕವನ್ನು ದಿನಾ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಉಪ್ಪು, ನೀರು, ಮುಟ್ಟು, ಮಲಬದ್ಧತೆ ಇವುಗಳಿಂದಲೇ ಒಂದೆರಡು ಕಿಲೋ ಆಚೀಚೆ ಆಗುತ್ತದೆ. ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೂಗಿ ಬರೆದಿಡಿ. ತಿಂಗಳಿಗೊಮ್ಮೆ ಸೊಂಟ ಅಳೆಯಿರಿ.

ಎರಡು-ಮೂರು ತಿಂಗಳಾದ ಮೇಲೆ ಇಳಿಕೆ ನಿಧಾನವಾಗುವುದು ಸಹಜ. ದೇಹ ಹಗುರಾದಾಗ ಅದರ ಖರ್ಚೂ ಕಡಿಮೆ. ಆಗ ಊಟ ಇನ್ನಷ್ಟು ಬಿಡಬೇಡಿ. ಎಣ್ಣೆ, ಸಕ್ಕರೆ, ನಡುನಡುವೆ ಬಾಯಿಗೆ ಹಾಕುವ ಫರ್ಸಾಣ್ ಮತ್ತೆ ನುಸುಳಿದೆಯೇ ನೋಡಿ, ನಡಿಗೆ ದಿನಕ್ಕೆ 10 ನಿಮಿಷ ಹೆಚ್ಚಿಸಿ. ಎರಡು ತಿಂಗಳು ತೂಕ ಏರದೆ ಅಲ್ಲೇ ನಿಂತರೆ ಅದೂ ಗೆಲುವೇ. ಸರಿಯಾಗಿ ಪಾಲಿಸಿದರೂ ಏನೂ ಇಳಿಯದಿದ್ದರೆ ಥೈರಾಯ್ಡ್, ಪಿಸಿಒಎಸ್, ಅಥವಾ ನೀವು ತೆಗೆದುಕೊಳ್ಳುವ ಯಾವುದಾದರೂ ಔಷಧಿ ಕಾರಣವೇ ಎಂದು ಡಾಕ್ಟರ ಬಳಿ ಪರೀಕ್ಷಿಸಿಕೊಳ್ಳಿ.

*ಇಂಜೆಕ್ಷನ್ ಬಗ್ಗೆ:* 2025ರಿಂದ ನಮ್ಮ ದೇಶದಲ್ಲೂ ತೂಕ ಇಳಿಸುವ ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಇಂಜೆಕ್ಷನ್‌ಗಳು ಸಿಗುತ್ತಿವೆ. ಬೊಜ್ಜು ಹೆಚ್ಚಿರುವ ಕೆಲವರಿಗೆ ಇವು ನಿಜಕ್ಕೂ ಉಪಯುಕ್ತ. ಆದರೆ ಇವು ವೈದ್ಯರ ಚೀಟಿಯ ಮೇಲೆ, ಅವರ ನಿಗಾದಲ್ಲಿ ತೆಗೆದುಕೊಳ್ಳುವ ಔಷಧಿ. ಪರಿಚಯದವರು ತಂದುಕೊಟ್ಟರು ಎಂದು ಚುಚ್ಚಿಸಿಕೊಳ್ಳುವಂಥದ್ದಲ್ಲ. ನಿಲ್ಲಿಸಿದ ಮೇಲೆ ತೂಕ ಮರಳುವುದೂ ಸಾಮಾನ್ಯ. ಆದ್ದರಿಂದ ಊಟ-ನಡಿಗೆಯ ಅಭ್ಯಾಸ ಅವರಿಗೂ ಬೇಕು.

*8. ಈ ವಾರದಿಂದಲೇ ಶುರು ಮಾಡಿ*

ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋಗಬೇಡಿ.

1️⃣ ಮೊದಲ ವಾರ: ತೂಕ, ಸೊಂಟ ಅಳೆದು ಬರೆದಿಡಿ. ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಿ.
2️⃣ ಎರಡನೇ ವಾರ: ಚಹಾದ ಸಕ್ಕರೆ ಅರ್ಧ ಮಾಡಿ.
3️⃣ ಮೂರನೇ ವಾರ: ಸಂಜೆಯ ಹುರಿಗಡಲೆಯ ಡಬ್ಬಿ ಬ್ಯಾಗಿಗೆ ಹಾಕಿ.
4️⃣ ನಾಲ್ಕನೇ ವಾರ: ರಾತ್ರಿಯ ಅನ್ನ ಅರ್ಧ, ಪಲ್ಯ ದುಪ್ಪಟ್ಟು, ಸ್ಟೇಷನ್‌ನಿಂದ ನಡಿಗೆ.

ಮನೆಯಲ್ಲಿ ಒಬ್ಬರಿಗೇ ಬೇರೆ ಅಡುಗೆ ಮಾಡಿದರೆ ಅದು ಹೆಚ್ಚು ದಿನ ನಡೆಯುವುದಿಲ್ಲ. ಎಣ್ಣೆ ಕಡಿಮೆ, ತರಕಾರಿ ಹೆಚ್ಚು ಎಂಬುದು ಇಡೀ ಮನೆಯ ನಿಯಮವಾಗಲಿ. ಅಡುಗೆ ಮಾಡುವ ಅಮ್ಮನೋ ಅತ್ತಿಗೆಯೋ ಎಲ್ಲರಿಗೂ ಬಡಿಸಿ, ಉಳಿದದ್ದು ಹಾಳಾಗಬಾರದೆಂದು ತಾವು ತಿಂದು ಮುಗಿಸುವ ಅಭ್ಯಾಸವನ್ನೂ ನಿಲ್ಲಿಸಬೇಕು. ಉಳಿದದ್ದು ಫ್ರಿಜ್ಜಿಗೆ ಹೋಗಲಿ, ಹೊಟ್ಟೆಗೆ ಬೇಡ. ಯಾರನ್ನೂ "ದಪ್ಪಗಿದ್ದೀಯಾ" ಎಂದು ಹಂಗಿಸಬೇಡಿ, ಅದರಲ್ಲೂ ಮಕ್ಕಳನ್ನು. ಹಂಗಿಸಿದರೆ ತೂಕ ಇಳಿಯುವುದಿಲ್ಲ, ಕದ್ದು ತಿನ್ನುವುದು ಹೆಚ್ಚಾಗುತ್ತದೆ.

ವರ್ಷಗಟ್ಟಲೆ ಏರಿದ ತೂಕ ತಿಂಗಳಲ್ಲಿ ಇಳಿಯಬೇಕೆಂದು ಹಟ ಮಾಡಬೇಡಿ. ಸ್ಲೋ ಗಾಡಿ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ, ಆದರೆ ಊರು ಮುಟ್ಟಿಸುತ್ತದೆ.

📌 _ಇದು ಸಾಮಾನ್ಯ ತಿಳಿವಳಿಕೆಗಾಗಿ. ಕಾಯಿಲೆ ಇದ್ದವರು, ಔಷಧಿ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ._

ಉಪಯೋಗ ಎನಿಸಿದರೆ ನಿಮ್ಮ ಬಳಗದ ಗುಂಪಿಗೆ ಕಳಿಸಿ. ಮುಖ್ಯವಾಗಿ, ಮದುವೆಗೆಂದು ಊಟ ಬಿಟ್ಟಿರುವ ಹುಡುಗ-ಹುಡುಗಿಯರಿಗೆ ತಪ್ಪದೆ ಕಳಿಸಿ. 🙏